ಪರಟಿ ನಿಂತ ಜಾಗ

"ನಿನ್ನ ಕೂಸಿಗೂ ನನಗೂ ನಡುವ ದಾರಿ ಬೀಳಾಕ ಬಿಡೂದಿಲ್ಲ, ಸುಂಕವ್ವಾ" ಎಂದು ಫಕೀರವ್ವ ನನಗೆ ಮಾತು ಕೊಟ್ಟದ್ದು ನನ್ನ ಮಗಳು ಚಂಪಾ ಇನ್ನೂ ಅಂಬೆಗಾಲಿಡುತ್ತಿದ್ದಾಗ. ದೇವರ ಮುಂದೆ ಅಲ್ಲ, ಹಿರಿಯರ ಮುಂದೆ ಅಲ್ಲ. ನಮ್ಮಿಬ್ಬರ ಮನೆಗೂ ಒಂದೇ ಆಗಿದ್ದ ಗೋಡೆಯ ಆಚೆ ಬದಿಗೆ ನಿಂತು, ಕೈಯಲ್ಲಿ ಹಾರೆ ಹಿಡಿದುಕೊಂಡು, ತಲೆಯ ತುಂಬ ಮಣ್ಣು ಮಾಡಿಕೊಂಡು ಹೇಳಿದ ಮಾತು ಅದು, ಕೂಸನ್ನು ಮುಟ್ಟಲು ದಾರಿ ನಡೆಯಬೇಕಾದಷ್ಟು ದೂರ ಎಂದೂ ನಡುವೆ ಬೀಳಬಾರದು ಎಂದು. ಆಗಷ್ಟೇ ಅವಳು ಆ ಗೋಡೆಗೆ ಕಿಂಡಿ ಕೊರೆದಿದ್ದಳು. ಕೂಸೊಂದು ನುಸುಳುವಷ್ಟು ಕಿಂಡಿ.

ನಾನು ಮೆಣಸಿನಕಾಯಿ ಕಣದಲ್ಲಿ ತೊಟ್ಟು ಬಿಡಿಸುವವಳು. ಬೆಳಗಿನಿಂದ ಸಂಜೆಯ ತನಕ ಕೆಂಪು ರಾಶಿಯ ಮುಂದೆ ಕೂತು ಎದ್ದರೆ ಸೀರೆ, ಕೂದಲು, ಉಗುರಿನ ಸಂದು ಎಲ್ಲದರಲ್ಲೂ ಘಾಟು. ಮಜ್ಜಿಗೆಯಲ್ಲಿ ಕೈ ಅದ್ದಿ, ಹುಣಸೆಹಣ್ಣು ತಿಕ್ಕಿ, ಕೊಬ್ಬರಿ ಎಣ್ಣೆ ಸವರಿದರೂ ಅಂಗೈಯ ಉರಿ ಮಾರನೆಯ ದಿನ ಮತ್ತೆ ಕಣಕ್ಕೆ ಹೋಗುವವರೆಗೂ ಬಿಡುವುದಿಲ್ಲ. ಚಂಪಾ ಹೊಟ್ಟೆಯಲ್ಲಿದ್ದಾಗಲೇ ಅವಳ ಅಪ್ಪ ಅದೇ ಕಣದಲ್ಲಿ ಚೀಲಗಳ ಒಟ್ಟಿಲು ಕುಸಿದು ಸತ್ತ. ಅವನ ಜಾಗಕ್ಕೆ ನಾನು ಹೋದೆ. ಬೇರೆ ಕೆಲಸ ನಮ್ಮ ಊರಲ್ಲಿ ಇರಲಿಲ್ಲ.

ಚಂಪಾ ಹುಟ್ಟಿದಾಗಿನಿಂದ ದಮ್ಮು. ತಾಯಿ ಎತ್ತಿಕೊಂಡರೆ ಅಳುವ ಕೂಸು ಸುಮ್ಮನಾಗಬೇಕು. ನಾನು ಎತ್ತಿಕೊಂಡರೆ ನನ್ನ ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಎಷ್ಟು ಮಿಂದರೂ ನನ್ನ ಮೈಯಿಂದ ಕಣ ಹೋಗುತ್ತಿರಲಿಲ್ಲ. ಅವಳ ಕಣ್ಣೀರು ಒರೆಸಲು ಕೈ ಚಾಚಿ, ನನ್ನ ಬೆರಳು ನೆನಪಾಗಿ, ಹಿಂದಕ್ಕೆ ಎಳೆದುಕೊಂಡದ್ದು ಎಷ್ಟು ಸಲವೋ.

ಪಕ್ಕದ ಮನೆಯ ಫಕೀರವ್ವ ಒಂಟಿ ಹೆಂಗಸು. ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳಿಗೊಬ್ಬಳು ಮಗಳಿದ್ದಳು, ಸಾವಂತ್ರಿ. ಮದುವೆಗೆ ಗಂಡು ನೋಡುತ್ತಿದ್ದ ವರ್ಷ ಇದೇ ದಮ್ಮಿನಿಂದ ತೀರಿಕೊಂಡಳು. ಅದಕ್ಕೇ ಗೋಡೆಯ ಈಚೆ ಚಂಪಾ ಉಸಿರು ಎಳೆಯುವ ಸದ್ದನ್ನು ಅವಳಿಗೆ ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ. ಒಂದು ದಿನ ಯಾರನ್ನೂ ಕೇಳದೆ ಹಾರೆ ತಂದು ಗೋಡೆ ಒಡೆದಳು. ಹಗಲೆಲ್ಲ ಕೂಸು ಕಿಂಡಿಯಿಂದ ಆಚೆ ಹೋಗಿ ಅವಳ ಒಲೆಯ ಹತ್ತಿರ ಆಡುತ್ತಿತ್ತು. ರಾತ್ರಿ ಈಚೆ ಬಂದು ಕಿಂಡಿಯ ಬುಡದಲ್ಲೇ ಮಲಗುತ್ತಿತ್ತು. ಬೆಳಗಿನ ಜಾವ ದಮ್ಮು ಏರಿದರೆ ಫಕೀರವ್ವ ಆಚೆಯಿಂದ ತೋಳು ಚಾಚಿ ಬೆನ್ನು ತಿಕ್ಕುತ್ತ, ಕಿಂಡಿಗೆ ಬಾಯಿಟ್ಟು ತಾನೇ ಗಟ್ಟಿಯಾಗಿ ಉಸಿರಾಡುತ್ತಿದ್ದಳು. "ನನ್ನ ಉಸರ ಕೇಳು, ಯವ್ವಾ. ನನ್ನ ಹಿಂದ ಬಾ. ಒಲಿ ಊದಿದಂಗ, ಉದ್ದಕ ಬಿಡು." ಕೂಸು ಆ ಉಸಿರಿನ ಹಿಂದೆ ತಡವರಿಸುತ್ತ ಹೋಗಿ, ಹೋಗಿ, ಕೊನೆಗೊಮ್ಮೆ ಅದನ್ನು ಹಿಡಿದುಬಿಡುತ್ತಿತ್ತು. ನಾನು ಮನೆಯ ಆ ಮೂಲೆಯಲ್ಲಿ ಕೈ ಕಟ್ಟಿಕೊಂಡು ಕೂತಿರುತ್ತಿದ್ದೆ.

ನಮ್ಮ ಊರೆಂದರೆ ಒಂದೇ ಸಾಲು. ಹೊಳೆಯ ದಂಡೆಗುಂಟ ಗೋಡೆಗೆ ಗೋಡೆ ಕೂಡಿ ನಿಂತ ಮನೆಗಳು. ಕೆಲವು ವರ್ಷಕ್ಕೊಮ್ಮೆ ಗೋಡೆಗಳಿಗೆ ಉಪ್ಪು ಹತ್ತಿ ಮಣ್ಣು ಉದುರತೊಡಗಿದಾಗ ಸಾಲು ದಾಟುತ್ತದೆ. ಹಗ್ಗದ ನಿರ್ವಾಣೆಪ್ಪ ಆಚೆ ದಂಡೆಗೆ ಹೋಗಿ ಹಗ್ಗ ಎಳೆದು, ಗೂಟ ಬಡಿದು ಬರುತ್ತಾನೆ. ಮಾರನೆಯ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಆಚೆಯೂ ಸಾಲು ನಿಂತಿರುತ್ತದೆ. ಈಚೆಯದು ಇದ್ದಂತೆಯೇ ಇರುತ್ತದೆ. ಅದೇ ಬಾಗಿಲು, ಬಾಗಿಲಿನ ಅದೇ ಸೀಳು, ಒಲೆಯ ಹಿಂದಿನ ಮಸಿ, ಡಬ್ಬಿಯ ತಳಕ್ಕೆ ಅಂಟಿದ ಬೆಲ್ಲ, ಎಲ್ಲ ಅಲ್ಲಿಯೂ. ಗೋಡೆಯ ಉಪ್ಪು ಮಾತ್ರ ಹಿಂದೆ ಉಳಿಯುತ್ತದೆ. ಜೀವ ಇದ್ದದ್ದು ಕಾಲಲ್ಲಿ ನಡೆದು ಹೋಗಬೇಕು. ನಾವು ಆಡು, ಕೋಳಿ, ಮಕ್ಕಳನ್ನು ಹಿಡಿದುಕೊಂಡು ಸೇತುವೆ ದಾಟಿ, ನಮ್ಮ ನಮ್ಮ ಬಾಗಿಲು ತೆರೆದು, ಒಲೆ ಹೊತ್ತಿಸುತ್ತೇವೆ. ಹಳೆಯ ಸಾಲಿಗೆ ಆಮೇಲೆ ಯಾರೂ ಕಾಲಿಡುವುದಿಲ್ಲ. ಮುಂದಿನ ಸಲ ಸಾಲು ಮತ್ತೆ ಈ ದಂಡೆಗೆ ಬರುವಾಗ ಹಳೆಯದರ ಮೇಲೆಯೇ ಬಂದು ಕೂರುತ್ತದೆ. ಅಲ್ಲಿದ್ದದ್ದು ಎಲ್ಲಿ ಹೋಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ದಾಟುವಾಗ ಸಾಲು ಕಲೆಸಿಹೋಗುವುದಿಲ್ಲ, ಹೊರಳುತ್ತದೆ ಅಷ್ಟೆ. ಯಾವುದೋ ಒಂದು ಮನೆ ತಲೆಮನೆ ಆಗುತ್ತದೆ. ಅದರ ಮುಂದಿನ ಮನೆಗಳು ಇದ್ದ ಹಾಗೇ ಅದರ ಬೆನ್ನಿಗೆ ಬರುತ್ತವೆ. ಅದಕ್ಕೂ ಮೊದಲಿದ್ದವು, ಅವೂ ಇದ್ದ ಹಾಗೇ, ಬಾಲಕ್ಕೆ ಹೋಗಿ ಕೂಡಿಕೊಳ್ಳುತ್ತವೆ. ಹಾಗಾಗಿ ಯಾರ ನೆರೆಯೂ ಯಾರಿಗೂ ತಪ್ಪುವುದಿಲ್ಲ, ಒಂದು ಗೋಡೆಯನ್ನು ಬಿಟ್ಟು. ಆ ಒಂದು ಗೋಡೆಯ ಈಚೆಯವರು ಊರಿನ ತಲೆಗೆ ಹೋದರೆ ಆಚೆಯವರು ಊರಿನ ಬಾಲಕ್ಕೆ ಹೋಗುತ್ತಾರೆ. ನಡುವೆ ಇಡೀ ಊರು.

ತಲೆಮನೆ ಯಾವುದು ಎಂದು ನೀರು ಹೇಳುತ್ತದೆ. ತಲೆಯ ಕಡೆಯ ತೂಬಿನಿಂದ ಮನೆಗಳ ಹೊಸ್ತಿಲಿಗುಂಟ ಒಂದು ಕಾಲುವೆ ಹರಿಯುತ್ತದೆ. ಮೇಲಿನವರು ತುಂಬಿಕೊಂಡು ಬಿಟ್ಟದ್ದು ಕೆಳಗಿನವರಿಗೆ. ಬಾಲದವರು ಕೊಡ ಹೊತ್ತು ಮೇಲಕ್ಕೆ ನಡೆಯಬೇಕು. ದಾಟುವುದು ನಿಶ್ಚಯವಾದ ಬೆಳಿಗ್ಗೆ ನಿರ್ವಾಣೆಪ್ಪ ತೂಬು ತೆಗೆದು ನೀರಿನ ಮೊದಲ ಅಲೆಯ ಮೇಲೆ ಒಂದು ತೆಂಗಿನ ಪರಟಿ, ಖಾಲಿ ಚಿಪ್ಪು, ತೇಲಿಬಿಡುತ್ತಾನೆ. ಪರಟಿ ತಳ ಹತ್ತಿ ಎಲ್ಲಿ ನಿಲ್ಲುತ್ತದೋ ಅದರ ಮುಂದಿನ ಮನೆ, ನೀರು ಮುಟ್ಟದ ಮೊದಲ ಮನೆ, ತಲೆಮನೆ. ನೀರಿಲ್ಲದವರಿಗೆ ನೀರು ಮೊದಲು. ಇದನ್ನು ತಪ್ಪು ಎಂದವರು ನಮ್ಮಲ್ಲಿ ಯಾರೂ ಇಲ್ಲ.

ಇನ್ನೊಂದು ಮಾತು. ಮನೆಯವರು ಮಲಗದ ಮನೆ ದಾಟುವುದಿಲ್ಲ, ಬೇರೆಯವರು ಮಲಗಿದ್ದು ಲೆಕ್ಕಕ್ಕಿಲ್ಲ. ದಾಟಿದ ಮೇಲೂ ಒಂದು ರಾತ್ರಿ ಮನೆಯವರು ಯಾರೂ ಮಲಗದೆ ಬಿಟ್ಟರೆ ಬೆಳಿಗ್ಗೆ ಆ ಮನೆ ಇರುವುದಿಲ್ಲ, ಅಕ್ಕಪಕ್ಕದವು ಸರಿದು ಕೂಡಿರುತ್ತವೆ. ಅದಕ್ಕೇ ನಮ್ಮ ಊರಿನವರು ಬೀಗರ ಮನೆಗೆ ಹೋದರೂ ಊಟ ಮುಗಿಸಿ ಹೊತ್ತು ಮುಳುಗುವುದರೊಳಗೆ ವಾಪಸು ಬರುತ್ತಾರೆ.

ಕಿಂಡಿ ಕೊರೆದ ಮೇಲೆ ಮೊದಲ ಸಲ ಸಾಲು ದಾಟಿದಾಗ ಏನೂ ತೊಂದರೆ ಆಗಲಿಲ್ಲ. ಆ ಬೆಳಿಗ್ಗೆ ಫಕೀರವ್ವ ತನ್ನ ಪಾಲಿನ ಕೊಡ ಅದ್ದಲಿಲ್ಲ. ಪರಟಿ ಅವಳ ಹೊಸ್ತಿಲು ದಾಟಿ, ನನ್ನ ಹೊಸ್ತಿಲು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು. ಗೋಡೆ ದಾಟಿತು, ಗೋಡೆಯೊಳಗಿನ ಕಿಂಡಿಯೂ ದಾಟಿತು. "ನೋಡಿದಿ? ಒಂದ ಕೊಡದ ಮಾತು" ಎಂದು ಫಕೀರವ್ವ ನಕ್ಕಿದ್ದಳು.

ಎರಡನೆಯ ಸಲ ಗೋಡೆಗಳಿಗೆ ಉಪ್ಪು ಹತ್ತಿದಾಗ ಚಂಪಾ ಅಕ್ಷರ ಕೂಡಿಸಿ ಓದುತ್ತಿದ್ದಳು. ಕಾಲುವೆಯ ನೀರು ಸಣ್ಣಗಾಗಿತ್ತು. ಹೆಚ್ಚಿನ ದಿನ ನಮಗಿಂತ ಎಷ್ಟೋ ಮೇಲೆಯೇ ಅದು ಇಂಗಿಹೋಗುತ್ತಿತ್ತು. ಒಂದೊಂದು ದಿನ ಮಾತ್ರ ಫಕೀರವ್ವನ ಮೇಲಿನ ಮನೆಯ ದುಂಡಪ್ಪನ ಬಾಗಿಲ ತನಕ ಬರುತ್ತಿತ್ತು. ಆ ಒಂದೊಂದು ದಿನದ ಹೆದರಿಕೆ ಫಕೀರವ್ವನಿಗೆ, ಇನ್ನೊಂದು ಹೊಸ್ತಿಲು ಮುಂದೆ ಬಂದು ತನ್ನ ಬಾಗಿಲಲ್ಲೇ ನಿಂತರೆ ಕಿಂಡಿಯ ಗೋಡೆಯೇ ಅಗಲುತ್ತದಲ್ಲ ಎಂದು. ಪರಟಿ ಬಿಡುವ ಹಿಂದಿನ ದಿನ ಅವಳು ಮೇಲಿನ ಮನೆಗಳಿಗೆಲ್ಲ ಹೋಗಿಬಂದಳು. "ನಾಳೆ ಮುಂಜಾನಿ ಕೊಡ ಅದ್ದಬ್ಯಾಡ್ರಿ. ಇವತ್ತ ತುಂಬಿ ಇಟಗೋರಿ. ನೀರ ಸುಂಕವ್ವನ ಮನಿ ದಾಟಲಿ." ಚಂಪಾಳ ದಮ್ಮಿನ ಸದ್ದು ಕೇಳದವರು ಸಾಲಿನಲ್ಲಿ ಯಾರಿದ್ದರು? ಎಲ್ಲರೂ ಹೂಂ ಅಂದರು. ತಲೆಮನೆಯ ಮುರಿಗೆಪ್ಪ, ಎಮ್ಮೆಗೂ ಕಾಲುವೆಯಲ್ಲೇ ಮೈ ತೊಳೆಯುತ್ತಿದ್ದವನು, ಅವನೂ ಹೂಂ ಅಂದನಂತೆ.

ಮಾರನೆಯ ಬೆಳಿಗ್ಗೆ ಒಬ್ಬರೂ ಕೊಡ ಅದ್ದಲಿಲ್ಲ. ಎಲ್ಲರೂ ಹೊಸ್ತಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಪರಟಿ ತೊನೆಯುತ್ತ ಬಂತು, ಮಕ್ಕಳು ಅದರ ಜೊತೆಗೆ ಓಡಿ ಬಂದವು. ದಿನಾ ನೀರು ಇಂಗುತ್ತಿದ್ದ ಜಾಗ ದಾಟಿತು. ದುಂಡಪ್ಪನ ಹೊಸ್ತಿಲು ದಾಟಿತು. ಫಕೀರವ್ವನ ಹೊಸ್ತಿಲಿಗೆ ಬರುವಾಗ ಮೆಲ್ಲಗಾಯಿತು. ಅವಳ ಬಾಗಿಲ ಮುಂದಿನ ಕೊನೆಯ ಕಲ್ಲಿನ ಹತ್ತಿರ ನಿಂತಲ್ಲೇ ಒಂದು ಸುತ್ತು ತಿರುಗಿ, ತಳ ಹತ್ತಿ, ಒಂದು ಕಡೆ ವಾಲಿತು. ಅದರ ಮುಂದೆ ನೀರು ನಾಲಿಗೆಯಷ್ಟು ಮುಂದಕ್ಕೆ ಹೋಗಿ ಮಣ್ಣಲ್ಲಿ ಇಂಗಿತು. ಅಲ್ಲಿಂದ ಗೇಣು ದೂರದಲ್ಲಿ ನನ್ನ ಹೊಸ್ತಿಲು ಒಣಗಿಕೊಂಡೇ ಇತ್ತು.

ದುಂಡಪ್ಪನೇ ಮೊದಲು ಬಾಯಿ ಬಿಟ್ಟದ್ದು. "ದಿನದಂಗ ಕೊಡ ಅದ್ದಿದ್ರ ಅಲ್ಲೇ ಮ್ಯಾಲೇ ನಿಲ್ಲತಿತ್ತಲ್ಲೋ ಮಾರಾಯಾ. ಇವರ ಗ್ವಾಡಿ ಇವರಿಗೆ ಉಳೀತಿತ್ತು. ಎಲ್ಲಾರೂ ಕೂಡಿ ಉಪಕಾರಾ ಮಾಡಿ ನೀರನ್ನ ಸೀದಾ ಇವರ ನಡುವ ತಂದ ನಿಲ್ಲಿಸಿದ್ವಿ ನೋಡು."

ಅದು ಸರಿಯೇ ಆಗಿತ್ತು. ಮೇಲಿನವರೆಲ್ಲ ತಲೆ ತಗ್ಗಿಸಿದರು. ಬಾಲದ ಮನೆಯ ಮಾಬುಬಿಗೆ ಮಾತ್ರ ನಡೆದದ್ದು ತಡವಾಗಿ ತಿಳಿಯಿತು. ಇಷ್ಟು ವರ್ಷ ಕೊಡ ಹೊತ್ತು ಸೊಂಟ ಬಿದ್ದವಳು. ಇನ್ನು ಅವಳ ಬೆನ್ನಿಗೇ ಮುರಿಗೆಪ್ಪನ ಮನೆ ಬಂದು ಕೂಡಬೇಕು. "ಏ ಮುರಿಗೆಪ್ಪಣ್ಣಾ, ಇಷ್ಟ ದಿನ ನಿನ್ನ ಎಮ್ಮಿ ಮಿಂದದ್ದೂ ನನಗ ಸಿಗಲಿಲ್ಲ. ಇನ್ನ ನಾ ಅದ್ದಿ ಬಿಟ್ಟ ಮ್ಯಾಲೇ ನಿನ್ನ ಎಮ್ಮಿ ಸರತಿ" ಎಂದಳು. ನಾಲ್ಕು ಜನ ನಕ್ಕರು. ನನ್ನ ಮುಖ ನೋಡಿ ನಗು ನುಂಗಿದರು. ಮಾಬುಬಿ ಸೆರಗು ಬಾಯಿಗೆ ಒತ್ತಿಕೊಂಡು, "ತಪ್ಪಾತು ತಂಗಿ" ಎಂದಳು. ಅವಳ ತಪ್ಪು ಏನಿತ್ತು?

ನಾನು ಪರಟಿಯನ್ನೇ ನೋಡುತ್ತಿದ್ದೆ. ಹೆಬ್ಬೆರಳಿನಿಂದ ಒಂದಿಷ್ಟು ನೂಕಿದರೆ ಸಾಕಿತ್ತು. ನನ್ನ ಕಾಲು ಸರಿದದ್ದು ಫಕೀರವ್ವನಿಗೆ ಕಂಡಿತು. ನನ್ನ ಮಣಿಕಟ್ಟು ಹಿಡಿದಳು. "ಮುಟ್ಟಬ್ಯಾಡ. ಇವತ್ತ ನೀ ದೂಡಿದಿ ಅಂದ್ರ, ಮುಂದಿನ ಸಲ ದೂಡಾಕ ಸಾಲು ಹಚ್ಚತಾರ."

ನಿರ್ವಾಣೆಪ್ಪ ಬಗ್ಗಿ ಪರಟಿ ಎತ್ತಿಕೊಂಡ. ನಾನು ಅವನ ಹಿಂದೆಯೇ ಹೋದೆ. "ಯಪ್ಪಾ, ಏನಾರ ಮಾಡು. ಕೂಸು ಉಳಿಯೂದಿಲ್ಲ." ಅವನು ಪರಟಿಯ ನೀರು ಜಾಡಿಸಿ, ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡಿ, "ಹಗ್ಗ ನಂದು, ತಂಗಿ. ಸಾಲು ನಂದಲ್ಲ" ಎಂದ.

ಆ ದಿನ ಕಣದಲ್ಲಿ ಎಲ್ಲರೂ ನನಗೆ ಶುಭ ಹೇಳಿದರು. ತಲೆಮನೆ, ಸುಂಕವ್ವಾ! ತೂಬಿನ ಬಾಯಲ್ಲೇ ಮನೆ! ನಾನು ತೊಟ್ಟು ಬಿಡಿಸುತ್ತ ಲೆಕ್ಕ ಹಾಕಿದೆ. ಚಂಪಾಳನ್ನು ಫಕೀರವ್ವನ ಜೊತೆಗೆ ಬಾಲದ ಮನೆಯಲ್ಲೇ ಮಲಗಿಸಿದರೆ? ಆಚೆ ದಂಡೆಯಲ್ಲಿ ಬಾಲದ ಮನೆಗಳ ಬೆನ್ನಿಗೇ ಮೆಣಸಿನಕಾಯಿ ಒಣಗಿಸುವ ಬಯಲು ಇತ್ತು. ಗಾಳಿ ಎದ್ದರೆ ಅಲ್ಲಿ ದೊಡ್ಡವರೇ ಸೆರಗು ಮುಚ್ಚಿಕೊಳ್ಳಬೇಕು. ಫಕೀರವ್ವ ಹಗಲು ನಮ್ಮಲ್ಲಿದ್ದು ರಾತ್ರಿ ತನ್ನ ಮನೆಗೆ ಹೋದರೆ? ಚಂಪಾಗೆ ದಮ್ಮು ಏರುವುದು ಬೆಳಗಿನ ಜಾವದಲ್ಲೇ. ಊರಿನ ಈ ತುದಿಯಿಂದ ಆ ತುದಿಗೆ ಓಡಿ ಬಾಗಿಲು ಬಡಿದು ಕರೆತರುವಷ್ಟು ಹೊತ್ತು ಆ ಉಸಿರು ಕಾಯುತ್ತಿರಲಿಲ್ಲ. ಸಾವಂತ್ರಿಯದು ಕಾದಿರಲಿಲ್ಲ. ಎಲ್ಲಿಂದ ಹಿಡಿದು ಎಣಿಸಿದರೂ ಲೆಕ್ಕ ಆ ಗೋಡೆಗೇ ಬಂದು ನಿಲ್ಲುತ್ತಿತ್ತು.

ಸಂಜೆ ಮನೆಗೆ ಬಂದಾಗ ಚಂಪಾ ಕಿಂಡಿಯಲ್ಲಿ ಅರ್ಧ ಆಚೆ ಅರ್ಧ ಈಚೆ ಹೊಟ್ಟೆಯ ಮೇಲೆ ಜೋತುಬಿದ್ದಿದ್ದಳು.

"ಅವ್ವಾ, ಹೊಸಾ ಮನ್ಯಾಗ ಕಿಂಡಿ ಇರತೈತಿ?"

"ಇರತೈತಿ."

"ಮತ್ತ ಅದರ ಆಚಿಗೆ?"

ಆಚೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ಆಚಿಗೆ ಗಾಳಿ ಇರತೈತಿ, ಬೆಳಕ ಇರತೈತಿ. ನಾ ಈಚಿಗೆ ಇರತೇನಿ" ಎಂದಳು ಫಕೀರವ್ವ. ಮತ್ತೆ ಬಡಿಯತೊಡಗಿದಳು.

ನಾನು ಕಿಂಡಿಯ ಹತ್ತಿರ ಬಗ್ಗಿದೆ. "ಈಚಿಗಂದ್ರ?"

"ದಾಟೂ ರಾತ್ರಿ ನಿಮ್ಮ ಮನ್ಯಾಗ ಮಲಗತೇನಿ. ಮರದಿನಾನೂ ಅಲ್ಲೇ. ಒಂದ ಮೂಲಿ ಕೊಡತಿ ಇಲ್ಲೋ?"

"ನಿನ್ನ ಮನಿ, ಯಕ್ಕಾ?"

"ಮನಿ ಏನ. ಮಣ್ಣು." ಹಂಚಿನ ಮೇಲಿನ ರೊಟ್ಟಿ ಮಗುಚಿ, ಒದ್ದೆ ಬಟ್ಟೆಯಿಂದ ಒತ್ತಿದಳು. "ಉಪ್ಪ ತಿಂದ ಮಣ್ಣು."

ಅವಳು ಹೇಳಿದ ರೀತಿ ಎಷ್ಟು ಹಗುರವಾಗಿತ್ತೆಂದರೆ ನಾನು ನಂಬಿಬಿಟ್ಟೆ. ಆಯಾಸವಾದವರಿಗೆ ನಂಬುವುದು ಸುಲಭ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ದಾಟುವ ಹಿಂದಿನ ಸಂಜೆ ನಿರ್ವಾಣೆಪ್ಪ ಆಚೆ ದಂಡೆಯಲ್ಲಿ ಗೂಟ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಕಣದಿಂದ ಬೇಗ ಬಂದು, ಮಿಂದು, ಮೂಲೆ ಗುಡಿಸಿ ಕೌದಿ ಹಾಸಿದೆ. ಫಕೀರವ್ವನನ್ನು ಕರೆಯಲು ಕಿಂಡಿಗೆ ಬಗ್ಗಿದವಳು ಕರೆಯದೆ ಹಾಗೇ ನಿಂತೆ.

ಅವಳು ಕನ್ನಡಿ ತೂಗುಹಾಕಿದ್ದ ಗೋಡೆಯ ಮುಂದೆ ನಿಂತಿದ್ದಳು. ಆ ಕನ್ನಡಿಯ ಪಕ್ಕದಲ್ಲಿ ಗೋಡೆಗೆ ಕೆಂಪು ಗೆರೆಗಳಿದ್ದವು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಬೆರಳಿನಗಲದ ಮಾಸಿದ ಗೆರೆಗಳು. ಇಷ್ಟು ವರ್ಷ ಕಿಂಡಿಯಿಂದ ನೋಡಿದ್ದೆ. ರೊಟ್ಟಿಯ ಹೆಂಗಸಿಗೆ ಗೋಡೆ ಸಾರಿಸಲು ಪುರಸೊತ್ತು ಎಲ್ಲಿ ಎಂದುಕೊಂಡಿದ್ದೆ. ಈಗ ಅವಳು ತನ್ನ ಬೆರಳನ್ನು ಒಂದು ಗೆರೆಯ ಮೇಲೆ ಇಟ್ಟು ಮೇಲಿನಿಂದ ಕೆಳಕ್ಕೆ ಎಳೆದಳು. ಗೋಡೆಗೆ ತಾಗಿಯೂ ತಾಗದ ಹಾಗೆ. ಆಮೇಲೆ ಅದರ ಪಕ್ಕದ ಗೆರೆ. ಆಮೇಲೆ ಅದರ ಪಕ್ಕದ್ದು.

ನಾನಿದ್ದದ್ದು ಅವಳಿಗೆ ಗೊತ್ತಾಯಿತು. ತಿರುಗಲಿಲ್ಲ. "ದಿನಾ ಕುಂಕುಮ ಹಚಗೊಂಡ ಮ್ಯಾಲೆ ಬಟ್ಟಿನಾಗ ಉಳದದ್ದ ಗ್ವಾಡಿಗೆ ಒರಸೂದು. ದಿನಾ. ಗ್ವಾಡಿ ಹೊಲಸ ಮಾಡತಿ, ಗಂಡನ ಮನ್ಯಾಗೂ ಹಿಂಗ ಮಾಡಿದ್ರ ಕೈ ಮುರೀತಾರ ಅಂತ ಬೈತಿದ್ನಿ. ಕೇಳತಿದ್ದಿಲ್ಲ ಸಾವಂತ್ರಿ."

ಎಷ್ಟು ಸಲ ಸಾಲು ದಾಟಿತ್ತೋ ಅಷ್ಟೂ ಸಲ ಆ ಗೆರೆಗಳು ದಾಟಿದ್ದವು. ಬಾಗಿಲಿನ ಸೀಳಿನ ಹಾಗೆ, ಒಲೆಯ ಮಸಿಯ ಹಾಗೆ. ನಾಳೆ ದಾಟುವುದಿಲ್ಲ.

ನಾನು ಹಿತ್ತಿಲ ಬಾಗಿಲಿನಿಂದ ಓಡಿಹೋಗಿ ಅವಳ ಮನೆಯೊಳಗೆ ನಿಂತೆ. "ಬ್ಯಾಡ, ಯಕ್ಕಾ. ನೀ ಇಲ್ಲೇ ಮಲಗು. ನಿನ್ನ ಮನಿ ಬಾಲಕ ಹೋದರ ಹೋಗಲಿ, ಇರಲಿ. ನಾ ಏನಾರ ಮಾಡತೇನಿ."

"ಏನ ಮಾಡತಿ?"

"ಗ್ವಾಡಿ ಅಷ್ಟ ಕೆತ್ತಿ ತಗೊಂಡ ಹೋಗೂಣು. ದುಂಡಪ್ಪಣ್ಣನ ಕರೀತೇನಿ, ಹಾರಿ ತರ್ತಾನ."

ಅವಳು ಗೋಡೆಯ ಬುಡಕ್ಕೆ ಕಾಲ ಬೆರಳು ಒತ್ತಿದಳು. ಒಂದು ಹೆಂಟೆ ಮಣ್ಣು ಸದ್ದಿಲ್ಲದೆ ಕುಸಿದು ನೆಲಕ್ಕೆ ಬಿದ್ದು ಹಿಟ್ಟಾಯಿತು. "ಹಾರಿ ಬ್ಯಾಡ. ಗಟ್ಟಿ ಉಸರ ಬಿಟ್ಟರ ಉದರತೈತಿ."

"ಹಂಗಾರ ಇಲ್ಲೇ ಮಲಗು."

ಆಗ ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಬಂದಿತ್ತು. "ಮಲಗತೇನಿ. ನಾಡದ ಬೆಳಗಿನ ಜಾವ ಕೂಸಿಗೆ ಉಸರ ಹಿಡೀತು ಅಂದ್ರ ಯಾರ ಉಸರ ಕೇಳಸ್ತಿ? ನಿಂದ? ನಿನ್ನ ಉಸರಿನಾಗ ಖಾರ ಐತಿ, ಸುಂಕವ್ವಾ."

ಹಾಗೆ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ, ಬೇರೆಯವರ ಬಾಯಿಂದ ಕೇಳಿರಲಿಲ್ಲ. ಅವಳಿಗೂ ಅದು ಹೆಚ್ಚಾಯಿತೆನ್ನಿಸಿರಬೇಕು. ಹತ್ತಿರ ಬಂದು ನನ್ನ ಎರಡೂ ಅಂಗೈಗಳನ್ನು ಹಿಡಿದುಕೊಂಡಳು. ಉರಿ ಅವಳ ಕೈಗೂ ಹತ್ತಿರಬೇಕು, ಬಿಡಲಿಲ್ಲ.

"ಅಕಿದು ಆತು" ಎಂದಳು. "ಇಕಿದು ಇನ್ನೂ ಐತಿ."

ಮತ್ತೊಮ್ಮೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬರಲಿಲ್ಲ ಅಂದರೆ ಬರಲಿಲ್ಲ. ಮಗಳನ್ನು ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫಕೀರವ್ವ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು. ಬಾಗಿಲು ಎಳೆದು ಚಿಲಕ ಹಾಕಿದಳು. ಬೀದಿಗೇ ಇಳಿದು ನಾಲ್ಕು ಹೆಜ್ಜೆ ನಡೆದು, ನಮ್ಮ ಮುಂಬಾಗಿಲಿನಿಂದ, ನೆಂಟರು ಬರುವ ಹಾಗೆ ಒಳಗೆ ಬಂದಳು. ಸಾಲಿನ ಹೆಂಗಸರು ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನೋಡಿದರು. ಎಲ್ಲರಿಗೂ ತಿಳಿಯಿತು.

ಬೆಳಿಗ್ಗೆ ಆಚೆ ದಂಡೆಯಲ್ಲಿ ಸಾಲು ನಿಂತಿತ್ತು. ತೂಬಿನ ಬಾಯಲ್ಲಿ ನನ್ನ ಮನೆ. ಬಾಲದಲ್ಲಿ, ಮೆಣಸಿನಕಾಯಿ ಬಯಲಿಗೆ ಬೆನ್ನು ಕೊಟ್ಟು, ದುಂಡಪ್ಪನ ಮನೆ. ಅದರ ಮುಂದೆ, ಫಕೀರವ್ವನ ಮನೆ ನಿಲ್ಲಬೇಕಿದ್ದಲ್ಲಿ, ಏನೂ ಇರಲಿಲ್ಲ. ಜನ ಆಡು ಕೋಳಿ ಹಿಡಿದು ಬರಿಗೈಯಲ್ಲಿ ಸೇತುವೆ ದಾಟಿದರು. ಫಕೀರವ್ವ ಮಾತ್ರ ತನ್ನ ಮನೆಯ ಬಾಗಿಲು ಮತ್ತೆ ತೆರೆದು, ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಒಂದು ಜೋಳದ ಚೀಲ ತಲೆಯ ಮೇಲೆ ಹೊತ್ತುಕೊಂಡು ಬಂದಳು. ನಮ್ಮ ಊರಲ್ಲಿ ಪಾತ್ರೆ ಹೊತ್ತು ಸೇತುವೆ ದಾಟಿದವರನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಮಕ್ಕಳು ಬೆರಳು ಮಾಡಿ ತೋರಿಸಿದವು. ಮುರಿಗೆಪ್ಪ ಸುಮ್ಮನೆ ಹೋಗಿ ಜೋಳದ ಚೀಲ ಇಳಿಸಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

ಚಂಪಾ ಒಳಗೆ ಓಡಿಹೋಗಿ ಮೊದಲು ಕಿಂಡಿಗೆ ತಲೆ ಹಾಕಿದಳು. ಆಚೆಗೆ ಬೆಳಕು, ತೂಬಿನ ಸದ್ದು. ಹೊಳೆ ಅಲ್ಲಿ ಹೊರಳುವುದರಿಂದ ಆ ಕಿಂಡಿಯಿಂದ ಹಳೆಯ ದಂಡೆ ಕಾಣುತ್ತಿತ್ತು. ಹಳೆಯ ಸಾಲು ಇದ್ದ ಹಾಗೇ ನಿಂತಿತ್ತು, ಅದರ ನಡುವೆ ಫಕೀರವ್ವನ ಬಾಗಿಲು.

"ಆಯೀ, ನಿನ್ನ ಮನಿ ಕಾಣತೈತಿ!"

"ಹೂಂ" ಎಂದಳು ಫಕೀರವ್ವ. ನೋಡಲಿಲ್ಲ. ಒಲೆಯ ಪಕ್ಕ ಹಂಚು ಇಡಲು ಜಾಗ ಹುಡುಕುತ್ತಿದ್ದಳು.

ಅದಾದ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಚಂಪಾ ಅವಳ ಪಕ್ಕದಲ್ಲಿ ಮಲಗಿದಳು. ಉಸಿರು ಹಿಡಿಯಲು ಈಗ ನಡುವೆ ಗೋಡೆಯೂ ಇರಲಿಲ್ಲ. ತೂಬಿನ ನೀರು ಹೊಸ್ತಿಲಿಗೇ ಬರುತ್ತಿದ್ದುದರಿಂದ ನಾನು ಕಣದಿಂದ ಬಂದವಳೇ ಹೊರಗೇ ಸೀರೆ ನೆನೆಸಿ, ತಲೆಯ ಮೇಲೆ ಕೊಡದ ಮೇಲೆ ಕೊಡ ಸುರಿದುಕೊಂಡು ಒಳಗೆ ಬರುತ್ತಿದ್ದೆ. ಒಂದು ದಿನ ಚಂಪಾ ನನ್ನ ತೊಡೆಯ ಮೇಲೆ ತಲೆ ಇಟ್ಟು ಸುಮಾರು ಹೊತ್ತು ಮಲಗಿದಳು, ಕೆಮ್ಮಲಿಲ್ಲ. ಫಕೀರವ್ವ ನೋಡಿ ನೋಡದ ಹಾಗೆ ಹಿಟ್ಟು ನಾದಿದಳು.

ಚಳಿಗಾಲದಲ್ಲಿ ಕಿಂಡಿಯಿಂದ ಗಾಳಿ ಹೊಡೆಯುತ್ತಿತ್ತು. ದುಂಡಪ್ಪ ಊರಿನ ಆ ತುದಿಯಿಂದ ಕೆಸರು ಕಲೆಸಿಕೊಂಡು ಬಂದ, ಮುಚ್ಚಿಕೊಡುತ್ತೇನೆಂದು. "ಇರಲಿ ಬಿಡು, ಹೊಗಿ ಹೋಗಾಕ ಬೇಕು" ಎಂದಳು ಫಕೀರವ್ವ. ಹೊಗೆಗೆ ಬೇರೆ ಕಿಂಡಿ ಇತ್ತು. ದುಂಡಪ್ಪ ಚಾ ಕುಡಿದು ವಾಪಸು ಹೋದ. ಅಂದಿನಿಂದ ಫಕೀರವ್ವ ಬೆಳಿಗ್ಗೆ ರೊಟ್ಟಿ ಬಡಿಯಲು ಆ ಕಿಂಡಿಯ ಬೆಳಕಿಗೇ ಕೂರತೊಡಗಿದಳು.

ವರ್ಷಗಳು ಹೋದವು. ಚಂಪಾ ನನ್ನ ಭುಜಕ್ಕೆ ಬಂದಳು. ದಮ್ಮು ಬಿಡಲಿಲ್ಲ, ಆದರೆ ಸಣ್ಣದಾಯಿತು. ಈಗ ಅವಳು ತಾನೇ ಎದ್ದು ಕೂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಡುತ್ತಾಳೆ. ಪಕ್ಕದಲ್ಲಿ ಫಕೀರವ್ವ ನಿದ್ದೆಯಲ್ಲೇ ಜೊತೆ ಕೊಡುತ್ತಾಳೆ.

ಈ ವರ್ಷ ಮತ್ತೆ ಗೋಡೆಗಳಿಗೆ ಉಪ್ಪು ಹತ್ತಿತು. ಪರಟಿ ಈ ಸಲ ನಮ್ಮಿಂದ ದೂರ, ಮಾಬುಬಿಯ ಮನೆಯ ಮೇಲುಗಡೆ ಎಲ್ಲೋ ನಿಂತಿತು. ನಮ್ಮ ಮನೆ ಸಾಲಿನ ನಡುವೆ ಬರುತ್ತದೆ. ಬಾಲದಲ್ಲಿದ್ದ ದುಂಡಪ್ಪನ ಮನೆ ನಮ್ಮ ಬೆನ್ನಿಗೆ ಬಂದು ಕೂಡುತ್ತದೆ. "ಅಂತೂ ಸುತ್ತ ಹೊಡದ ನಿಮ್ಮ ಗ್ವಾಡಿಗೆ ಬಂದ್ನಿ ನೋಡ್ರಿ" ಎಂದ ದುಂಡಪ್ಪ.

ದಾಟುವ ಹಿಂದಿನ ಸಂಜೆ ಫಕೀರವ್ವ ರೊಟ್ಟಿ ಮುಗಿಸಿ ಕೈ ತೊಳೆದ ಮೇಲೂ ಕಿಂಡಿಯ ಹತ್ತಿರವೇ ಕೂತಿದ್ದಳು. ಆಚೆ ದಂಡೆಯಲ್ಲಿ ನಿರ್ವಾಣೆಪ್ಪನ ಮಗ ಹಗ್ಗ ಎಳೆಯುತ್ತಿದ್ದ. ನಿರ್ವಾಣೆಪ್ಪನಿಗೆ ಈಗ ಬಗ್ಗಲು ಆಗುವುದಿಲ್ಲ. ಹಗ್ಗ ಹಳೆಯ ಮನೆಗಳ ಹೊಸ್ತಿಲಿಗುಂಟ ಹೋಗಿ ಫಕೀರವ್ವನ ಬಾಗಿಲ ಮುಂದೆಯೂ ಹಾದುಹೋಯಿತು.

"ಆಯೀ, ಏನ ನೋಡಾಕತ್ತಿ?" ಎಂದಳು ಚಂಪಾ.

"ಚಿಲಕಾ ಹಾಕೇನಿಲ್ಲೋ ಅಂತ."

ಚಂಪಾ ಪಕ್ಕದಲ್ಲಿ ಬಗ್ಗಿ ನೋಡಿದಳು. "ಹಾಕೀ, ಆಯೀ."

"ಹೌದಲ್ಲ" ಎಂದಳು. ಕತ್ತಲಾಗುವವರೆಗೂ ಅಲ್ಲಿಂದ ಏಳಲಿಲ್ಲ.

ಬೆಳಿಗ್ಗೆ ನಾವು ಕೋಳಿ ಹಿಡಿದುಕೊಂಡು ದಾಟಿದೆವು. ಹಳೆಯ ಸಾಲಿದ್ದಲ್ಲಿ ಹೊಸ ಸಾಲು ನಿಂತಿತ್ತು. ನಮ್ಮದೀಗ ಒಂದು ಮನೆ ಕಡಿಮೆಯಾದ ಸಾಲು. ಅದಕ್ಕೇ ತೀರ ಬಾಲದಲ್ಲಿ ಮಾಬುಬಿಯ ಹಳೆಯ ಮನೆಯೊಂದು ಅಳಿಯದೆ ಉಳಿದುಬಿಟ್ಟಿತ್ತು. ಅದರ ಹೊಸ್ತಿಲು ನೋಡಿ ಮಾಬುಬಿ, "ನನಗ ಎರಡೆರಡ ಮನಿ, ಯಾರಿಗೆ ಬಾಡಿಗಿ ಕೊಡ್ಲಿ" ಎಂದಳು. ಆಮೇಲೆ ಫಕೀರವ್ವ ಹಿಂದೆ ಬರುತ್ತಿದ್ದುದು ಕಂಡು ತನ್ನ ಹೊಸ ಬಾಗಿಲ ಕಡೆ ತಿರುಗಿ ನಡೆದಳು. ಫಕೀರವ್ವನ ಮನೆ ಇದ್ದಲ್ಲಿ ಮುರಿಗೆಪ್ಪನ ಮನೆ ಇತ್ತು. ಅವನು ಎಮ್ಮೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ, ಒಳಗೆ ಹೋಗಲು ಹಿಂಜರಿಯುತ್ತಿದ್ದ. ಫಕೀರವ್ವ ಅವನ ಮುಂದೆ ಹಾದು ಹೋಗುವಾಗ, "ಹೋಗಪಾ ಒಳಗ, ಒಲಿ ಹಚ್ಚು, ಹೊತ್ತಾತು" ಎಂದಳು.

ನಮ್ಮ ಮನೆಯಲ್ಲಿ ಕಿಂಡಿ ಇತ್ತು. ಚಂಪಾ ಅದಕ್ಕೆ ಕೈ ಹಾಕಿದಳು. ಆಚೆಗೆ ದುಂಡಪ್ಪನ ಗೋಡೆ ಬಂದು ಮುಚ್ಚಿತ್ತು. ಕಿಂಡಿ ಗೂಡಾಗಿತ್ತು. ಚಂಪಾ ಅದನ್ನು ಸೆರಗಿನಿಂದ ಒರೆಸಿ ತನ್ನ ಕನ್ನಡಿ, ಬಾಚಣಿಕೆ, ಕುಂಕುಮದ ಭರಣಿ ಅದರಲ್ಲಿ ಇಟ್ಟಳು. ಮುಖ ತೊಳೆದು ಬಂದು ಕುಂಕುಮ ಹಚ್ಚಿಕೊಂಡಳು. ಬೆರಳಿಗೆ ಉಳಿದದ್ದನ್ನು ಗೂಡಿನ ಪಕ್ಕದ ಗೋಡೆಗೆ ಒರೆಸಿದಳು.

ನಾನು ಆ ಗೆರೆಗಳ ವಿಷಯ ಅವಳಿಗೆ ಹೇಳಿರಲಿಲ್ಲ. ಫಕೀರವ್ವ ಹೇಳಿದ್ದಳೋ, ಆಗ ಕಿಂಡಿಯಲ್ಲಿ ಆಡುತ್ತ ತಾನೇ ನೋಡಿದ್ದಳೋ, ಗೊತ್ತಿಲ್ಲ.

"ಗ್ವಾಡಿ ಹೊಲಸ ಮಾಡತಿ" ಎಂದು ಬೈದಳು ಫಕೀರವ್ವ. ಒರೆಸಲಿಲ್ಲ. ಹಂಚು ಒಲೆಯ ಮೇಲಿಟ್ಟಳು.

ಅವರಿಬ್ಬರ ನಡುವೆ ಇವತ್ತಿನವರೆಗೆ ದಾರಿ ಬಿದ್ದಿಲ್ಲ. ಫಕೀರವ್ವ ಕೊಟ್ಟ ಮಾತು ಉಳಿಸಿಕೊಂಡಳು.